ಹತ್ತನೆಯ ಮನೆ

ಕ್ಯಾನ್ಸಸ್ ಸಿಟಿಯಲ್ಲಿ ಗಾಳಿ ಪಡುವಣದಿಂದ ಬೀಸಿದರೆ
ಒಣಹಾಕಿದ ಬಟ್ಟೆಗೂ ಕಸಾಯಿಖಾನೆಯ ವಾಸನೆ.
ಅಂಥದೊಂದು ಬೀದಿಯ ಮೂಲೆ, ಮಹಡಿಯ ಮೇಲೆ
ನುಡಿಸುತ್ತಿದ್ದಳು ನನ್ನ ಚಿಕ್ಕಮ್ಮ,
ಆರ್ಜೀಲಿಯಾ ಗ್ಯಾಡ್ಸನ್.
ಅವಳು ಕೂರುವ ದಿಂಬು ಹೊತ್ತು ಹಿಂದೆ ನಾನು,
ವಯಸ್ಸು ಒಂಬತ್ತು, ರಾತ್ರಿಗೆ ಐದು ಸೆಂಟು ಸಂಬಳ.

ಮೊದಲೇ ಹೇಳಿಬಿಡುತ್ತೇನೆ, ಅವಳ ಗೇಣು ಚಿಕ್ಕದು.
ಎಡಗೈ ಪೂರ್ತಿ ಬಿಚ್ಚಿದರೆ ಎಂಟು ಮನೆ,
ಹಟ ಹಿಡಿದರೆ ಒಂಬತ್ತು.
ಆ ಕಾಲದ ಗಂಡಸರೋ ಮೂಟೆ ಹೊತ್ತ ಕೈಯವರು,
ಕಿರುಬೆರಳು ಒಂದರ ಮೇಲೆ, ಹೆಬ್ಬೆರಳು ಹತ್ತರ ಮೇಲೆ,
ಜೋಡಿಕದ ಒಟ್ಟಿಗೆ ದಬ್ಬಿದ ಹಾಗೆ
ಧಡ್ ಎಂದು ಒಳನುಗ್ಗುವವರು.
"ಹತ್ತು ಮುಟ್ಟದ ಕೈಗೆ ಇಲ್ಲೇನು ಕೆಲಸ,
ಹೋಗಿ ಇಗರ್ಜಿಯಲ್ಲಿ ನುಡಿಸು" ಎಂದನಂತೆ
ಬ್ಯಾಂಡಿನ ಯಜಮಾನ ಲೂಶಿಯಸ್ ಟ್ರೆಡ್ವೆಲ್.

ಇಗರ್ಜಿಯಲ್ಲೇ ಕಲಿತವಳು.
ಅಲ್ಲಿ ತಾಳ ಮನುಷ್ಯರಿಗಾಗಿ ಕಾಯುತ್ತದೆ.
ಮುದುಕಿಯೊಬ್ಬಳು ಉಸಿರೆಳೆದುಕೊಳ್ಳುವಷ್ಟು ಹೊತ್ತು
ದೇವರೂ ನಿಲ್ಲಬೇಕು.
ಅದನ್ನೇ ಮಹಡಿ ಹತ್ತಿಸಿ ತಂದಳು.
ಕಿರುಬೆರಳು ಮುಂದೆ ಹೋಗಿ ಕೆಳಮನೆಯ ಕದ ತಟ್ಟಿ,
ಕೈ ನೆಗೆದು,
ಹೆಬ್ಬೆರಳು ಹತ್ತನೆಯ ಮನೆಗೆ ತಡವಾಗಿ,
ಕೂದಲೆಳೆಯಷ್ಟೇ ತಡವಾಗಿ,
ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವಳಂತೆ.

ಡ್ರಮ್ಮಿನವನು ತಬ್ಬಿಬ್ಬಾದ.
ಕುಣಿಯುವವರು ಮಾತ್ರ
ಎತ್ತಿದ ಕಾಲು ಎತ್ತಿದಂತೆ ಹಿಡಿದು
ಆಮೇಲೆ ಇಳಿಸಿದರು.
ಮೂಲೆಯಿಂದ ನಾನು ಕಂಡದ್ದು ಇಷ್ಟು:
ಮೋಟು ಹೆಬ್ಬೆರಳೊಂದರ ದಾರಿ ಕಾಯುತ್ತ
ನೂರು ಜೊತೆ ಬೂಟು.

ಹಗಲು ಅವಳಿಗೆ ಬೇರೆ ಮನೆಗಳು,
ಗುಡ್ಡದ ಮೇಲಿನವು, ಬಿಳಿಯರವು.
ಒಂದರಲ್ಲಿ ಮೂರು ಕಾಲಿನ ದೊಡ್ಡ ಪಿಯಾನೊ.
ಮುಚ್ಚಳ ಒರೆಸಬಹುದು, ತೆರೆಯಬಾರದು.

ಇಪ್ಪತ್ತೇಳರ ಜುಲೈ. ರೆಕಾರ್ಡಿನ ಕಂಪನಿಯವರು ಬಂದರು.
ಕುರ್ಚಿಮೇಜಿನ ಅಂಗಡಿಯ ಹಿಂಕೋಣೆ,
ಗೋಡೆಗೆಲ್ಲ ಕಂಬಳಿ,
ಮೇಣದ ತಟ್ಟೆ ಸೆಕೆಗೆ ಮೆತ್ತಗಾಗದಿರಲೆಂದು
ಮಂಜುಗಡ್ಡೆಯ ಪೆಟ್ಟಿಗೆ. ಚೂರೊಂದು ಕದ್ದು ತಿಂದೆ.
ಕನ್ನಡಕದವನು ಕೈಯೆತ್ತಿ ನಿಲ್ಲಿಸಿದ.
"ಎಡಗೈ ಹಿಂದೆ ಬೀಳುತ್ತಿದೆ, ತಪ್ಪು ತಿದ್ದಿಕೋ."
"ತಪ್ಪಲ್ಲ ಸ್ವಾಮಿ," ಎಂದಳು. "ದೂರ."

ಎರಡು ಹಾಡು, ತಟ್ಟೆಯ ಎರಡು ಮಗ್ಗುಲು.
ನಡುವಿನ ಕೆಂಪು ಚೀಟಿಯಲ್ಲಿ
ಲೂಶಿಯಸ್ ಟ್ರೆಡ್ವೆಲ್ ಮತ್ತು ಸಂಗಡಿಗರು.
ಆ ಬಹುವಚನದೊಳಗೆಲ್ಲೋ ಅವಳು.

ಆಮೇಲೆ ಬ್ಯಾಂಕುಗಳು ಮುಳುಗಿದವು, ಮಹಡಿಗೆ ಬೀಗ ಬಿತ್ತು.
ಟ್ರೆಡ್ವೆಲ್ ಶಿಕಾಗೋ ರೈಲು ಹತ್ತಿದ.
ಚಿಕ್ಕಮ್ಮ ಶಾಲೆಯ ಅಡುಗೆಮನೆಯಲ್ಲಿ
ಇಪ್ಪತ್ತೆರಡು ವರ್ಷ ಬಟಾಟೆ ಸುಲಿದಳು.
ಗಂಟುಬೇನೆಗೆ ಗೇಣು ಏಳಕ್ಕಿಳಿಯಿತು.
ನಾನು ಪಿಯಾನೊ ಶ್ರುತಿ ಮಾಡುವವನಾದೆ,
ಊರಿನ ಎಲ್ಲ ಮುಚ್ಚಳ ತೆರೆದು ನೋಡಿದೆ.

ಐವತ್ತೆಂಟರ ಒಂದು ಸಂಜೆ,
ರೇಡಿಯೊ ಅಂಗಡಿಯೆದುರು ಬಸ್ಸಿಗೆ ನಿಂತಿದ್ದೆವು,
ಅವಳ ಕೈಯಲ್ಲಿ ಈರುಳ್ಳಿಯ ಚೀಲ.
ಒಳಗಿನಿಂದ ಪಿಯಾನೊ. ಕಿವಿ ನಿಮಿರಿತು ಅವಳಿಗೆ.
"ಯಾರಿದು?"
"ನ್ಯೂಯಾರ್ಕಿನ ಹುಡುಗ. ಈಗ ಬಲು ಹೆಸರು."
"ಪಾಪ, ಕೈಗೇನಾಗಿದೆ?"
"ಏನಾಗಿಲ್ಲ ಚಿಕ್ಕಮ್ಮ, ಹನ್ನೆರಡು ಮನೆ ಮುಟ್ಟುತ್ತಾನೆ."
"ಮತ್ತೆ ಯಾಕೆ ತಡ ಮಾಡ್ತಾನೆ?"
"ಈಗ ಎಲ್ಲರೂ ಹಾಗೇ ನುಡಿಸೋದು."

ಬಹಳ ಹೊತ್ತು ಮಾತಿಲ್ಲ.
ಚೀಲದ ಅಡಿಯಲ್ಲಿ ಎಡಗೈ
ಮೆಲ್ಲಗೆ ಬಿಚ್ಚಿ, ಮುಚ್ಚಿ, ಬಿಚ್ಚಿ.
ಬಸ್ಸು ಬಂತು, ಬಾಗಿಲು ತೆರೆಯಿತು.
"ಹತ್ತು ಚಿಕ್ಕಮ್ಮ, ಹತ್ತು" ಎಂದೆ.
ಹಾಡು ಮುಗಿಯುವ ತನಕ ಹತ್ತಲಿಲ್ಲ.
ಚಾಲಕ ಏನೋ ಗೊಣಗಿದ,
ಕಾದ.